ಆ ರಾತ್ರಿಯ ನರ್ಸ್ ಅಕ್ಕನಿಗೆ

ನಿಮ್ಮ ಹೆಸರು ಕೇಳಲಿಲ್ಲ ಅಕ್ಕಾ, ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. 24 ವಾರಕ್ಕೇ ಹುಟ್ಟಿದ ಮಗಳು. ಮೆದುಳಿನ ಎರಡೂ ಬದಿಯಲ್ಲಿ ರಕ್ತಸ್ರಾವ. ವೆಂಟಿಲೇಟರ್ ಮುಂದುವರಿಸಬೇಕೋ ಬೇಡವೋ ಎಂದು ಡಾಕ್ಟರು ಕೇಳಿದಾಗ, ಅವಳನ್ನು ಕೊಲ್ಲಲು ನಾನೇ ಒಪ್ಪಿಗೆ ಕೊಡುತ್ತಿದ್ದೇನೆ ಅನ್ನಿಸಿತ್ತು. ನೀವು ಪಕ್ಕದಲ್ಲಿ ಕೂತು ಹೇಳಿದಿರಿ: "ಮೆಷೀನು ನಿಲ್ಲಿಸ್ತೀವಿ, ಆರೈಕೆ ನಿಲ್ಲಿಸಲ್ಲ. ಜೀವ ತೆಗೀತಿರೋದು ಕಾಯಿಲೆ, ನೀವಲ್ಲ."

ನೋವಾಗದಿರಲೆಂದು ಮಾರ್ಫಿನ್ ಮುಂದುವರಿಸಿದಿರಿ. ಆ ತೆಳು ಚರ್ಮ ಕಿತ್ತು ಬರದಂತೆ ಟೇಪನ್ನು ಎಷ್ಟು ನಿಧಾನವಾಗಿ ಬಿಡಿಸಿದಿರಿ! ಕೊಳವೆಗಳಿಲ್ಲದ ಅವಳ ಮುಖ ನಾನು ನೋಡಿದ್ದು ಆಗಲೇ. ಎದೆಗೆ ಅಪ್ಪಿಕೊಂಡಿದ್ದ 40 ನಿಮಿಷವೂ ನೀವು ಅಲ್ಲೇ ಇದ್ದಿರಿ, ಡ್ಯೂಟಿ ಮುಗಿದಿದ್ದರೂ.

ಪುಟ್ಟ ಪಾದದ ಅಚ್ಚು ತೆಗೆದು ಕೊಟ್ಟಾಗ ಸುಮ್ನೆ ಸಿಟ್ಟು ಮಾಡಿಕೊಂಡೆ. ಕ್ಷಮಿಸಿ. ಅದು ಈಗ ನನ್ನ ಬೀರುವಿನಲ್ಲಿದೆ. ಥ್ಯಾಂಕ್ಸ್ ಅಕ್ಕಾ.