ವಿದೇಶಕ್ಕೆ ಇಂಟರ್ನ್‌ಶಿಪ್‌ಗೆ ಹೋಗೋ ನಮ್ಮ ಮಲ್ನಾಡಿನ ಮಕ್ಕಳಿಗೆ ಮೊದಲ ಹದಿನೈದು ದಿನದ ಬಗ್ಗೆ ಹೇಳೋರು ಬೇಕು

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ಹೊಸನಗರ ಕಡೆಯ ಒಬ್ಳು ಜೂನಿಯರ್ ಹುಡುಗಿ ಫೋನ್ ಮಾಡಿದ್ಲು. ಅವಳಿಗೆ ಜರ್ಮನಿಯ ಒಂದು ಲ್ಯಾಬಲ್ಲಿ ಬೇಸಿಗೆ ಇಂಟರ್ನ್‌ಶಿಪ್ ಸಿಕ್ಕಿದೆ, ಏಪ್ರಿಲ್ ಕೊನೆಗೆ ಹೊರಡ್ಬೇಕು. ಅಕ್ಕ ಜಾಕೆಟ್ ಇಲ್ಲೇ ತಗೊಳ್ಳದಾ ಅಲ್ಲೇ ತಗೊಳ್ಳದಾ, ಸೂಟ್‌ಕೇಸ್ ಎಷ್ಟು ದೊಡ್ಡದು ಬೇಕು ಅಂತ ಅರ್ಧ ಗಂಟೆ ಕೇಳಿದ್ಲು. ನಾನು ತಿರುಗಿ ಕೇಳಿದ್ದು ಒಂದೇ, ನೀ ಉಳ್ಕೊಳ್ಳೋ ಮನೆಯವರು ಸಹಿ ಮಾಡಿದ ಪೇಪರ್ ಕೊಡ್ತಾರಂತಾ? "ಎಂತ ಪೇಪರ್ ಅಕ್ಕ?" ಅಂದ್ಲು. ಹೋದ ವರ್ಷ ಇದೇ ಹೊತ್ತಿಗೆ ನಾನೂ ಹಿಂಗೇ ಇದ್ದೆ, ನಂಗೂ ಯಾರೂ ಹೇಳಿರ್ಲಿಲ್ಲ, ಅದ್ಕೇ ಈ ಪತ್ರ. ಸ್ವಲ್ಪ ಉದ್ದ ಆಗತ್ತೆ, ಆದ್ರೂ ದಯವಿಟ್ಟು ಪೂರ್ತಿ ಹಾಕಿ.

ನಮ್ದು ತೀರ್ಥಹಳ್ಳಿ ತಾಲೂಕಿನ ಒಂದು ಹಳ್ಳಿ. ಅಪ್ಪಂಗೆ ಎರಡೆಕರೆ ಅಡಿಕೆ ತೋಟ. ಶಿವಮೊಗ್ಗದಲ್ಲಿ ಹಾಸ್ಟೆಲಲ್ಲಿದ್ದು ಓದಿದ್ದು, ಈಗ ಎಂಟೆಕ್ ಎಲೆಕ್ಟ್ರಾನಿಕ್ಸ್. 2025ರ ಏಪ್ರಿಲಿಂದ ಆಗಸ್ಟ್‌ವರೆಗೆ ನಾಲ್ಕು ತಿಂಗಳು ಡ್ರೆಸ್ಡೆನ್ ಅನ್ನೋ ಊರಲ್ಲಿ ಇಂಟರ್ನ್‌ಶಿಪ್ ಮಾಡಿ ಬಂದೆ. ಎಲ್ಬೆ ನದಿ ದಂಡೆಯ ಊರು ಅದು, ಬರ್ಲಿನಿಂದ ರೈಲಲ್ಲಿ ಸುಮಾರು ಎರಡು ಗಂಟೆ, ಸೆಮಿಕಂಡಕ್ಟರ್ ಚಿಪ್ ಮಾಡೋ ದೊಡ್ಡ ದೊಡ್ಡ ಫ್ಯಾಕ್ಟರಿಗಳು ಅಲ್ಲಿವೆ, ನಮ್ಮ ಸಬ್ಜೆಕ್ಟಿನವರಿಗೆ ಅದಕ್ಕಿಂತ ಒಳ್ಳೆ ಜಾಗ ಕಮ್ಮಿ. ಸೀಟ್ ಸಿಕ್ಕಿದ ಸುದ್ದಿ ಬಂದಾಗ ಶಾಲು ಹೊದಿಸಿದ್ರು, ಫೋಟೋ ತೆಗೆದ್ರು, ವೀಸಾ ಫಾರ್ಮ್ ತುಂಬಕ್ಕೆ ಮೇಷ್ಟ್ರು ಜೊತೆಗೆ ಕೂತ್ಕೊಂಡ್ರು, ಅದೆಲ್ಲದಕ್ಕೂ ನಾನು ಋಣಿ. ಆದ್ರೆ ವಿಮಾನ ಇಳಿದ ಮಾರನೇ ದಿನ ಎಂತ ಮಾಡ್ಬೇಕು ಅನ್ನೋದು ಯಾರಿಗೂ ಗೊತ್ತಿರ್ಲಿಲ್ಲ. ಗೊತ್ತಿದ್ದೋರು ಇರ್ತಾರೆ, ನಮ್ಮ ಜಿಲ್ಲೆಯಿಂದ ಹೋಗಿ ಬಂದೋರು ಎಷ್ಟೋ ಜನ ಇದಾರೆ, ಅವರ ಹತ್ರ ನಮ್ಮನ್ನ ಕೂರಿಸೋ ವ್ಯವಸ್ಥೆ ಇಲ್ಲ ಅಷ್ಟೇ.

ಮೊದಲು ಮನೆ ವಿಷಯ ಹೇಳ್ತೀನಿ, ಯಾಕಂದ್ರೆ ಅಲ್ಲಿ ಎಲ್ಲಾ ಶುರುವಾಗೋದು ಅದರಿಂದ. ಇಂಟರ್ನೆಟ್ಟಲ್ಲಿ ಒಂದು ರೂಮು ನೋಡಿದ್ದೆ, ಫೋಟೋ ಚೆನ್ನಾಗಿತ್ತು, ಬಾಡಿಗೆ ಕಮ್ಮಿ. ಮನೆ ಓನರ್ ಅಂತ ಹೇಳ್ಕೊಂಡೋನು ನಾನೀಗ ಬೇರೆ ದೇಶದಲ್ಲಿದೀನಿ, ಅಡ್ವಾನ್ಸ್ ಕಳ್ಸು, ಕೀ ಕೊರಿಯರ್ ಮಾಡ್ತೀನಿ ಅಂತ ಮೇಲ್ ಮಾಡಿದ. ಅಪ್ಪ ಅಡಿಕೆ ಮಾರಿದ ದುಡ್ಡಲ್ಲಿ 350 ಯೂರೋ ಕಳಿಸಿದ್ರು, ಒಂದು ಯೂರೋ ಅಂದ್ರೆ ಹತ್ರ ಹತ್ರ ನೂರು ರೂಪಾಯಿ, ಲೆಕ್ಕ ನೀವೇ ಹಾಕಿ. ಕೀ ಬರ್ಲಿಲ್ಲ, ಮೇಲಿಗೆ ಉತ್ರನೂ ಬರ್ಲಿಲ್ಲ. ಆಮೇಲೆ ಗೊತ್ತಾಯ್ತು, ಇದು ಅಲ್ಲಿ ಎಲ್ಲರಿಗೂ ಗೊತ್ತಿರೋ ಮೋಸ, ಕೀ ಕೊರಿಯರ್ ಮಾಡ್ತೀನಿ ಅಂದ ಕೂಡ್ಲೇ ಅಲ್ಲಿನ ಹುಡುಗ್ರು ಮಾತು ನಿಲ್ಲಿಸ್ತಾರಂತೆ. ಅಪ್ಪ ಒಂದು ಮಾತೂ ಬೈಲಿಲ್ಲ, ಹೋಗ್ಲಿ ಬಿಡು ಮಗಾ ಅಂದ್ರು, ಅದು ಇವತ್ತಿಗೂ ಸಂಕಟ ಆಗತ್ತೆ.

ಕೊನೆಗೆ ಲ್ಯಾಬಿನವರೇ ಒಂದು ದಾರಿ ತೋರ್ಸಿದ್ರು. ಅಲ್ಲಿ ಸ್ಟೂಡೆಂಟ್‌ಗಳು ನಾಲ್ಕಾರು ತಿಂಗಳು ಬೇರೆ ಕಡೆ ಹೋಗೋವಾಗ ತಮ್ಮ ರೂಮನ್ನ ಅಷ್ಟು ದಿನಕ್ಕೆ ಬೇರೆಯವರಿಗೆ ಬಾಡಿಗೆಗೆ ಬಿಡ್ತಾರೆ, ಅದಕ್ಕೆ ಟ್ಸ್ವಿಶನ್‌ಮೀಟ ಅಂತಾರೆ. ಮಂಚ ಮೇಜು ಪಾತ್ರೆ ಎಲ್ಲಾ ಅವರದ್ದೇ ಇರತ್ತೆ, ಕಮ್ಮಿ ದಿನಕ್ಕೆ ಹೋಗೋರಿಗೆ ಇದೇ ಸರಿ. ಬಾಡಿಗೆ ಕೇಳೋವಾಗ ವಾರ್ಮ್ ಅಂದ್ರಾ ಕಾಲ್ಟ್ ಅಂದ್ರಾ ಅಂತ ನೋಡ್ಬೇಕು. ವಾರ್ಮ್ ಅಂದ್ರೆ ಹೀಟರು ನೀರಿನ ಖರ್ಚು ಸೇರಿ, ಕಾಲ್ಟ್ ಅಂದ್ರೆ ಬರೀ ಗೋಡೆಗೆ. ವಿಡಿಯೋ ಕಾಲಲ್ಲಿ ಮನೆ ತೋರಿಸ್ದೇ ಇರೋರಿಗೆ ದುಡ್ಡು ಕಳಿಸ್ಲೇಬೇಡಿ.

ಏಪ್ರಿಲ್ 26 ಶನಿವಾರ ಸಂಜೆ ತಲುಪಿದೆ. ಫ್ರಾಂಕ್‌ಫರ್ಟಲ್ಲಿ ಇಳಿದು ಐದು ಗಂಟೆ ರೈಲು, ಕಣ್ಣು ಬಿಡಕ್ಕಾಗ್ತಿರ್ಲಿಲ್ಲ, ಅಕ್ಕಿ ಹಾಲು ನಾಳೆ ತಂದ್ರಾಯ್ತು ಅಂತ ಮಲಗಿದೆ. ನಾಳೆ ಭಾನುವಾರ. ಜರ್ಮನಿಯಲ್ಲಿ ಭಾನುವಾರ ಅಂಗಡಿ ತೆಗಿಯಲ್ಲ, ದೊಡ್ಡ ಸೂಪರ್ ಮಾರ್ಕೆಟ್ಟೂ ಬಂದ್, ಕಾನೂನೇ ಹಂಗಿದೆ. ಬೆಳಿಗ್ಗೆ ಮೂರು ಬೀದಿ ಸುತ್ತಿದೆ, ಶಿವಮೊಗ್ಗ ಬಂದ್ ದಿನ ಗಾಂಧಿ ಬಜಾರ್ ಇರತ್ತಲ್ಲ, ಹಂಗೆ ಇತ್ತು, ಎಂತೋ ಗಲಾಟೆ ಆಗಿರ್ಬೇಕು ಅಂತಲೇ ಹೆದರಿದ್ದೆ. ರೈಲ್ವೆ ಸ್ಟೇಷನ್ ಒಳಗಿನ ಅಂಗಡಿ ತೆಗೆದಿರ್ತಾವೆ ಅಂತ ಗೊತ್ತಾಗಿದ್ದು ಮುಂದಿನ ವಾರ. ಅಮ್ಮ ಕಟ್ಟಿದ ಅವಲಕ್ಕಿಗೆ ನಲ್ಲಿ ನೀರು ಚಿಮುಕಿಸಿ, ಚಟ್ನಿಪುಡಿ ಕಲಸ್ಕೊಂಡು ಎರಡು ಹೊತ್ತು ತಿಂದೆ. ಅಲ್ಲಿ ನಲ್ಲಿ ನೀರು ಕುಡಿಬಹುದು, ಬಾಟಲಿ ನೀರಿಗೆ ದುಡ್ಡು ಹಾಕೋದು ಬೇಡ.

ಈಗ ಆ ಪೇಪರ್ ವಿಷಯ. ಅಲ್ಲಿ ಒಂದು ಮನೆಗೆ ಬಂದು ಸೇರ್ಕೊಂಡ್ರೆ ಎರಡು ವಾರದೊಳಗೆ ನಗರದ ಆಫೀಸಿಗೆ ಹೋಗಿ ಇಂಥ ವಿಳಾಸದಲ್ಲಿ ಇದೀನಿ ಅಂತ ಬರೆಸ್ಬೇಕು, ಆನ್‌ಮೆಲ್ಡುಂಗ್ ಅಂತಾರೆ. ಹೊರದೇಶದಿಂದ ಬಂದು ಮೂರು ತಿಂಗಳೊಳಗೆ ವಾಪಸ್ ಹೋಗೋರಿಗೆ ಇದು ಬೇಡ, ನಂದು ನಾಲ್ಕು ತಿಂಗಳು, ಹಂಗಾಗಿ ಬೇಕಿತ್ತು. ಬರೆಸಕ್ಕೆ ಮನೆ ಕೊಟ್ಟೋರು ಹೌದು ಇವಳು ಇಲ್ಲಿದಾಳೆ ಅಂತ ಸಹಿ ಮಾಡಿದ ಒಂದು ಹಾಳೆ ಬೇಕು, ಜೂನಿಯರ್‌ಗೆ ನಾ ಕೇಳಿದ ಪೇಪರ್ ಅದೇ. ರೂಮು ಕೊಡ್ತೀವಿ ಸಹಿ ಮಾತ್ರ ಕೇಳ್ಬೇಡ ಅನ್ನೋರೂ ಇದಾರೆ, ಅಂಥ ರೂಮು ನಾಲ್ಕು ತಿಂಗಳಿಗೆ ಹೋಗೋರಿಗೆ ಪ್ರಯೋಜನ ಇಲ್ಲ. ಆಫೀಸಿನ ಟೈಮ್ ಆನ್‌ಲೈನಲ್ಲಿ ಮೊದಲೇ ಹಿಡೀಬೇಕು, ಇಲ್ಲಿಂದ ಹೊರಡೋ ಮುಂಚೆನೇ ಹಿಡಿದ್ರೆ ಒಳ್ಳೇದು.

ಹೆಸರು ಬರೆಸಿದ ಮೇಲೆ ತೆರಿಗೆ ನಂಬರ್ ಪೋಸ್ಟಲ್ಲಿ ಬರತ್ತೆ. ಬ್ಯಾಂಕಿನ ಕಾರ್ಡ್ ಒಂದು ಕವರಲ್ಲಿ ಬರತ್ತೆ, ಅದರ ಪಿನ್ ಇನ್ನೊಂದು ಕವರಲ್ಲಿ ಬೇರೆ ದಿನ ಬರತ್ತೆ. ನಾನು ದಿನಾ ಸಂಜೆ ಲೆಟರ್ ಬಾಕ್ಸ್ ನೋಡ್ತಿದ್ದೆ, ಎರಡು ವಾರ ಆಯ್ತು, ಮೂರು ವಾರ ಆಯ್ತು, ಒಂದು ಕಾಗದ ಇಲ್ಲ. ತೆರಿಗೆ ನಂಬರ್ ಕೊಡದೇ ಇದ್ದಿದ್ದಕ್ಕೆ ಲ್ಯಾಬಿನವರು ಕೊಟ್ಟ ಮೊದಲ ತಿಂಗಳ ದುಡ್ಡಲ್ಲಿ ಹೆಚ್ಚಿನ ದರದಲ್ಲಿ ತೆರಿಗೆ ಹಿಡಿದ್ರು. ಕೈಯಲ್ಲಿದ್ದ ಯೂರೋ ಎಣಿಸಿ ಎಣಿಸಿ ಖರ್ಚು ಮಾಡ್ತಾ ರಾತ್ರಿ ನಿದ್ದೆ ಬರ್ತಿರ್ಲಿಲ್ಲ.

ಕಾರಣ ಕಂಡುಹಿಡಿದದ್ದು ಕೆಳಗಿನ ಮನೆ ಅಜ್ಜಿ. ಅವರಿಗೆ ಇಂಗ್ಲಿಷ್ ಬರಲ್ಲ. ಆ ಭಾಗ ಮೊದಲು ಪೂರ್ವ ಜರ್ಮನಿ, ಅವರ ಕಾಲದಲ್ಲಿ ಶಾಲೇಲಿ ಕಲಿಸ್ತಿದ್ದದ್ದು ರಷ್ಯನ್. ನನ್ನ ಕೈ ಹಿಡ್ಕೊಂಡು ಬಾಗಿಲ ಹತ್ರ ಕರ್ಕೊಂಡ್ ಹೋಗಿ ಲೆಟರ್ ಬಾಕ್ಸ್ ಮೇಲೆ ಬೆರಳಿಟ್ಟು ತೋರಿಸಿದ್ರು. ಅದರ ಮೇಲೆ ರೂಮು ಬಿಟ್ಟು ಹೋದ ಹುಡುಗಿ ಹೆಸರಿತ್ತು, ಅವಳ ಜೊತೆಯವರ ಹೆಸರಿತ್ತು, ನನ್ನ ಹೆಸರಿಲ್ಲ. ಹೆಸರಿಲ್ಲ ಅಂದ್ರೆ ಪೋಸ್ಟ್‌ಮ್ಯಾನ್ ಕಾಗದ ಹಾಕಲ್ಲ, ಇಲ್ಲಿ ಅಂಥವರಿಲ್ಲ ಅಂತ ವಾಪಸ್ ಕಳಿಸ್ತಾನೆ. ಅಜ್ಜಿನೇ ಒಂದು ಚೀಟಿ ತಂದು, ನನ್ನ ಹೆಸರು ಒಂದೊಂದೇ ಅಕ್ಷರ ಕೇಳಿ ಬರೆದು, ಟೇಪ್ ಹಾಕಿ ಅಂಟಿಸಿದ್ರು. ಬೆಲ್ ಹತ್ರನೂ ಒಂದು ಅಂಟಿಸಿದ್ರು.

ನೋಡಿ, ನಮ್ಮೂರಲ್ಲಿ ಯಾರ ಮನೆಗೂ ನಂಬರ್ ನೋಡಿ ಬರೋದು ಅಂತಿಲ್ಲ. ಮೇಲಿನ ಮನೆ, ಕೆಳಗಿನ ಮನೆ, ಹೊಳೆ ಅಂಚಿನ ಮನೆ, ಅಷ್ಟು ಬರೆದ್ರೆ ಸಾಕು. ಪೋಸ್ಟಣ್ಣ ತೋಟದ ದಾರಿ ಹಿಡಿದು ಬಂದು ಅಂಗಳದಲ್ಲಿ ಕೂತು ಮಜ್ಜಿಗೆ ಕುಡಿದು ಕಾಗದ ಕೊಟ್ಟು ಹೋಗ್ತಾರೆ, ನಾವು ಮನೇಲಿಲ್ಲದಿದ್ರೆ ಪಕ್ಕದ ಮನೆಗೆ ಕೊಟ್ಟಿರ್ತಾರೆ. ಹಂಗೆ ಬೆಳೆದ ಮಕ್ಕಳಿಗೆ ಡಬ್ಬಿ ಮೇಲೆ ಹೆಸರು ಹಚ್ಬೇಕು ಅಂತ ಹೆಂಗೆ ಹೊಳೀಬೇಕು? ಬುದ್ಧಿ ಕಮ್ಮಿ ಇದ್ದು ಹಿಂಗಾಗೋದಲ್ಲ, ನಾವು ಬಾಳಿದ ರೀತಿನೇ ಬೇರೆ, ಅದಕ್ಕೇ ಬಾಯಿ ಬಿಟ್ಟು ಹೇಳೋರು ಬೇಕು ಅನ್ನೋದು.

ಆ ಚೀಟಿ ಆದ್ಮೇಲೆ ಅಜ್ಜಿ ನಂಗೆ ಹತ್ರ ಆದ್ರು. ಫೋನಲ್ಲಿ ಅನುವಾದ ಮಾಡ್ಕೊಂಡೇ ಮಾತು. ಒಂದಿನ ಹೊಳೆ ದಂಡೇಲಿ ಕೂತಾಗ 2002ರ ನೆರೆ ಕಥೆ ಹೇಳಿದ್ರು, ಆಗಸ್ಟಲ್ಲಿ ಎಲ್ಬೆ 9 ಮೀಟರ್ 40 ಸೆಂಟಿಮೀಟರ್‌ವರೆಗೆ ಏರಿತ್ತಂತೆ, ರೈಲ್ವೆ ಸ್ಟೇಷನ್ ಒಳಗೆಲ್ಲಾ ನೀರು ನುಗ್ಗಿತ್ತಂತೆ. ನಾನು ಶಿವಮೊಗ್ಗದಲ್ಲಿ ತುಂಗಾ ಹೊಳೆ ಮಧ್ಯ ಒಂದು ಕಲ್ಲಿನ ಮಂಟಪ ಇದೆ, ಮಳೆಗಾಲದಲ್ಲಿ ಊರವರೆಲ್ಲ ಮಂಟಪ ಮುಳುಗ್ತಾ ಅಂತ ಕೇಳ್ತಾರೆ, ಮುಳುಗಿದ ದಿನ ನೋಡಕ್ಕೆ ಸಾಲುಗಟ್ಟಿ ಹೋಗ್ತಾರೆ ಅಂದೆ. ಅದು ಅವರಿಗೆ ತಟ್ಟನೆ ಅರ್ಥ ಆಯ್ತು. ಜುಲೈಯಲ್ಲಿ ಅಮ್ಮಂಗೆ ಫೋನ್ ಮಾಡಿದಾಗೆಲ್ಲ ಪಕ್ಕದಲ್ಲಿ ಕೂತು ಮಂಟಪ ಮುಳುಗ್ತಾ ಅಂತ ಕೇಳು ಅಂತಿದ್ರು. ಆ ಊರು ನನ್ನದೂ ಹೌದು ಅನ್ನಿಸಿದ್ದು ಆವಾಗ.

ಬಸ್ಸು ಟ್ರಾಮಿನ ಬಗ್ಗೆನೂ ಹೇಳ್ಬೇಕು. ಹತ್ತೋವಾಗ ಕಂಡಕ್ಟರ್ ಇಲ್ಲ, ಗೇಟಿಲ್ಲ, ಯಾರೂ ಕೇಳಲ್ಲ. ಕೇಳೋರು ಮಾಮೂಲಿ ಬಟ್ಟೇಲಿ ಯಾವಾಗ್ಲೋ ಒಳಗೆ ಬರ್ತಾರೆ, ಟಿಕೆಟ್ ಇಲ್ಲದಿದ್ರೆ 60 ಯೂರೋ ದಂಡ. ತಿಂಗಳ ಡಾಯ್ಚ್‌ಲ್ಯಾಂಡ್ ಟಿಕೆಟ್ ಮಾಡಿಸ್ಕೊಂಡ್ರೆ ದೇಶದ ಯಾವ ಊರಿನ ಬಸ್ಸು ಟ್ರಾಮೂ ಸಣ್ಣ ರೈಲೂ ಹತ್ತಬಹುದು, ನಾನಿದ್ದಾಗ 58 ಯೂರೋ, 2026ರ ಜನವರಿಯಿಂದ 63 ಆಯ್ತು. ವಾಪಸ್ ಬರೋ ತಿಂಗಳು 10ನೇ ತಾರೀಕಿನೊಳಗೆ ರದ್ದು ಮಾಡ್ಬೇಕು, ಮರೆತ್ರೆ ಮುಂದಿನ ತಿಂಗಳದ್ದೂ ಕಟ್ಟಾಗತ್ತೆ. ಸೀನಿಯರ್‌ಗಳು ಹೇಳಿದ ಹಳೆ ರೂಟು ನಂಬ್ಕೊಂಡು ಹೋಗ್ಬೇಡಿ, ಡ್ರೆಸ್ಡೆನ್‌ನ ಕರೋಲಾ ಸೇತುವೆ 2024ರ ಸೆಪ್ಟೆಂಬರ್ 11ರ ಬೆಳಗಿನ ಜಾವ ಒಂದು ಭಾಗ ಕುಸಿದು ಬಿದ್ದಿತ್ತು, ಅದರ ಮೇಲಿನ ಟ್ರಾಮ್ ಎಲ್ಲಾ ಬೇರೆ ದಾರೀಲಿ ಓಡ್ತಿದ್ವು.

ಅದೇ ಸೇತುವೆ ಕೆಡವೋವಾಗ ಆಗಸ್ಟಲ್ಲಿ ಎರಡನೇ ಮಹಾಯುದ್ಧದ ಒಂದು ಬಾಂಬ್ ಸಿಕ್ಕಿತು. 1945ರ ಫೆಬ್ರವರಿಯಲ್ಲಿ ಆ ಊರಿನ ಮೇಲೆ ಬಾಂಬ್ ಸುರಿದಿದ್ರಲ್ಲ, ಸಿಡೀದೇ ಉಳಿದದ್ದು ಈಗ್ಲೂ ಸಿಗ್ತಾವೆ. ಸಾವಿರಾರು ಜನರನ್ನ ಮನೆ ಬಿಡಿಸಿದ್ರು. ನೋಟಿಸ್ ಜರ್ಮನಲ್ಲಿ, ನಂಗೆ ಓದಕ್ಕೆ ಗೊತ್ತಾಗ್ಲಿಲ್ಲ, ಅಜ್ಜಿ ಬಂದು ಬಾಗಿಲು ಬಡಿದು ನಮ್ಮ ಬೀದಿ ಅದರಲ್ಲಿಲ್ಲ ಅಂತ ಮ್ಯಾಪ್ ತೋರಿಸಿದ್ರು. ಸ್ವಲ್ಪನಾದ್ರೂ ಜರ್ಮನ್ ಕಲ್ತು ಹೋಗಿ ಅಂತ ನಾ ಹೇಳೋದು ಇದಕ್ಕೇ, ಲ್ಯಾಬಲ್ಲಿ ಇಂಗ್ಲಿಷ್ ನಡಿಯತ್ತೆ, ಬೀದೀಲಿ ನಡಿಯಲ್ಲ.

ತಿಂಡಿ ಕಟ್ಟೋ ಅಮ್ಮಂದಿರಿಗೆ ಒಂದು ಮಾತು. ಅಪ್ಪೆಮಿಡಿ ಉಪ್ಪಿನಕಾಯಿ, ಚಟ್ನಿಪುಡಿ, ಹಲಸಿನ ಹಪ್ಪಳ, ಕಷಾಯದ ಪುಡಿ ಹೋಗತ್ತೆ. ತುಪ್ಪ, ಪೇಡ, ಹಾಲಿಂದ ಮಾಡಿದ್ದು ಯಾವುದೂ ಯುರೋಪಿನ ಒಳಗೆ ಲಗೇಜಲ್ಲಿ ತಗೊಂಡ್ ಹೋಗೋ ಹಾಗಿಲ್ಲ. ಅಜ್ಜಿಮನೆ ತುಪ್ಪದ ಡಬ್ಬಿ ಬೆಂಗ್ಳೂರಲ್ಲೇ ಚಿಕ್ಕಮ್ಮನ ಮನೇಲಿಟ್ಟು ಹೋದೆ. ಮಾವಿನಹಣ್ಣು ಕರಿಬೇವಿನ ಸೊಪ್ಪಿಗೂ ಸರ್ಟಿಫಿಕೇಟ್ ಕೇಳ್ತಾರೆ, ತೆಂಗಿನಕಾಯಿ ಬಾಳೆಹಣ್ಣಿಗೆ ಬೇಡ. ಅಕ್ಕಿ, ಕಾಯಿ ಅಲ್ಲಿ ವಿಯೆಟ್ನಾಂನವರ ಅಂಗಡೀಲಿ ಸಿಗತ್ತೆ, ಪೂರ್ವ ಜರ್ಮನಿ ಕಾಲದಲ್ಲಿ ಕೆಲಸಕ್ಕೆ ಬಂದ ವಿಯೆಟ್ನಾಂ ಜನ ಅಲ್ಲೇ ಉಳ್ಕೊಂಡಿದಾರೆ.

ಮನೆಗೆ ಫೋನ್ ಮಾಡೋ ಟೈಮೂ ಮೊದಲೇ ಮಾತಾಡ್ಕೊಳ್ಳಿ. ಬೇಸಿಗೇಲಿ ಅವರು ನಮಗಿಂತ ಮೂರೂವರೆ ಗಂಟೆ ಹಿಂದೆ. ಜೂನಲ್ಲಿ ಅಲ್ಲಿ ರಾತ್ರಿ ಒಂಬತ್ತಾದ್ರೂ ಬಿಸಿಲು, ಇಲ್ಲಿ ಜಿರಾಪತಿ ಮಳೆ, ಕರೆಂಟ್ ಹೋದ್ರೆ ಟವರೂ ಹೋಗತ್ತೆ. ಅಪ್ಪ ಕೊಳೆ ರೋಗಕ್ಕೆ ಔಷಧಿ ಹೊಡೆಸ್ತಿದ್ರು, ಮೈಲುತುತ್ತ ಸುಣ್ಣ ಕಲಸ್ತಾ ಮಳೆ ಬಿಡೋದನ್ನ ಕಾಯ್ತಾ ಇರೋ ಮನುಷ್ಯ, ಆದ್ರೂ ಭಾನುವಾರ ಸಂಜೆ ಕೊಡೆ ಹಿಡ್ಕೊಂಡು ಗುಡ್ಡ ಹತ್ತಿ ಸಿಗ್ನಲ್ ಸಿಗೋ ಜಾಗದಲ್ಲಿ ನಿಂತ್ಕೊಂಡು ನನ್ನ ಫೋನಿಗೆ ಕಾಯೋರು. ಊಟ ಆಯ್ತಾ ಅನ್ನೋರು, ಹಿಂದೆ ಮಳೆ ಸದ್ದು ಕೇಳೋದು, ಅಷ್ಟಕ್ಕೆ ಲೈನ್ ಕಟ್ಟಾಗೋದು. ಮೊದಲ ತಿಂಗಳು ಆ ಫೋನ್ ಆದ್ಮೇಲೆ ನಾನು ಅಳದೇ ಇದ್ದ ದಿನ ಇಲ್ಲ. ಇದನ್ನೂ ಮಕ್ಕಳಿಗೆ ಮೊದಲೇ ಹೇಳ್ಬೇಕು, ಹಿಂಗಾಗತ್ತೆ, ಆಮೇಲೆ ಕಮ್ಮಿ ಆಗತ್ತೆ ಅಂತ.

ನನ್ನ ಕೋರಿಕೆ ಇಷ್ಟೇ. ನಮ್ಮ ಜಿಲ್ಲೆಯ ಕಾಲೇಜುಗಳು ಸೀಟ್ ಸಿಕ್ಕಿದ ಮಕ್ಕಳಿಗೆ ಶಾಲು ಹೊದಿಸೋ ದಿನವೇ ಒಂದು ಮಧ್ಯಾಹ್ನ ಹೋಗಿ ಬಂದೋರ ಜೊತೆ ಕೂರಿಸ್ಲಿ, ಅಪ್ಪ ಅಮ್ಮನ್ನೂ ಕರೀಲಿ, ಕನ್ನಡದಲ್ಲೇ ಮಾತಾಡ್ಲಿ. ದುಡ್ಡು ಕಳಿಸೋರು ಅವರು, ಕೀ ಕೊರಿಯರ್ ಮಾಡೋ ಮೋಸ ಅವರಿಗೆ ಗೊತ್ತಿರ್ಬೇಕು. ಸಿಂಗಪುರಕ್ಕೆ ಹೋದೋರು, ಜಪಾನಿಗೆ ಹೋದೋರು ಇದ್ರೆ ಅಲ್ಲಿನ ಕ್ರಮ ಅವರು ಹೇಳ್ಲಿ, ಊರೂರಿಗೆ ಬೇರೆ ಇರತ್ತೆ. ನಿಮ್ಮ ಪತ್ರಿಕೇಲೂ ಅಂಥವರ ಕೈಲಿ ವಾರಕ್ಕೊಂದು ಸಲ ಬರೆಸಿದ್ರೆ ಸಾಗರ ಸೊರಬದ ಹಳ್ಳಿ ಮನೆಗೂ ತಲುಪತ್ತೆ. ಯಾವ ಕಾಲೇಜು ಕರೆದ್ರೂ ಶನಿವಾರ ನಾನು ಬರ್ತೀನಿ, ಬಸ್ ಚಾರ್ಜೂ ಬೇಡ.

ಹೊಸನಗರದ ಹುಡುಗಿ ನಿನ್ನೆ ಮತ್ತೆ ಫೋನ್ ಮಾಡಿದ್ಲು. ರೂಮು ಕೊಡೋರನ್ನ ವಿಡಿಯೋ ಕಾಲಲ್ಲಿ ಮಾತಾಡ್ಸಿದಾಳೆ, ಸಹಿ ಮಾಡಿ ಕೊಡ್ತೀವಿ ಅಂದಿದಾರಂತೆ. ಬ್ಯಾಗಲ್ಲಿ ಒಂದು ಮಾರ್ಕರ್ ಪೆನ್ನು ಒಂದು ಟೇಪು ಮೇಲ್ಗಡೆನೇ ಇಟ್ಕೋ ಅಂತ ಹೇಳಿದೀನಿ.

ಇತಿ ನಿಮ್ಮ ಓದುಗಳು,
ಒಬ್ಬ ಎಂಟೆಕ್ ವಿದ್ಯಾರ್ಥಿನಿ, ತೀರ್ಥಹಳ್ಳಿ ತಾಲೂಕು