ಲೈಟಿನ ಡಬ್ಬದ ಮೇಲೆ ಗಿಡದ ಲೆಕ್ಕವನ್ನೂ ಬರೆಯಲಿ

ಸಂಪಾದಕರಿಗೆ ನಮಸ್ಕಾರ.

ಹೋದ ವರ್ಷ ಎರಡಡಿಯ ಅಕ್ವೇರಿಯಂಗೆ ಎಲ್‌ಇಡಿ ಲೈಟ್ ಕೊಳ್ಳಲು ಹೋದಾಗ ಅಂಗಡಿಯವರು ಹೇಳಿದ್ದು ಒಂದೇ ಮಾತು: "ವ್ಯಾಟ್ ಜಾಸ್ತಿ ಇದೆ ಸಾರ್, ಗಿಡ ಸೂಪರಾಗಿ ಬರುತ್ತೆ." ತಂದು ಹಾಕಿದೆ. ಹಾಲ್ ತುಂಬ ಬೆಳಕು, ಮೀನುಗಳೂ ಮಿಂಚಿದವು. ಆದರೆ ನಮ್ಮ ದಕ್ಷಿಣ ಭಾರತದ್ದೇ ಆದ ಕೆಂಪು ರೊಟಾಲಾ ಗಿಡ ಬಣ್ಣ ಬಿಟ್ಟು, ಕಡ್ಡಿಯ ಹಾಗೆ ಉದ್ದಕ್ಕೆ ಹೋಗಿ, ಬುಡದ ಎಲೆಗಳನ್ನೆಲ್ಲ ಉದುರಿಸಿತು. ಬೆಳಕು ಸಾಲದೇನೋ ಅಂತ ದಿನಕ್ಕೆ 12 ಗಂಟೆ ಉರಿಸಿದೆ. ಗಾಜಿನ ತುಂಬ ಪಾಚಿ!

ಆಮೇಲೆ ತಿಳಿಯಿತು. ವ್ಯಾಟ್ ಅಂದರೆ ಕರೆಂಟ್ ಖರ್ಚು, ಅಷ್ಟೇ. ಲುಮೆನ್ ಅನ್ನುವುದು ಮನುಷ್ಯರ ಕಣ್ಣಿನ ಲೆಕ್ಕ, ನಮ್ಮ ಕಣ್ಣಿಗೋ 555 ನ್ಯಾನೋಮೀಟರ್ ಆಸುಪಾಸಿನ ಹಸಿರೇ ಜಾಸ್ತಿ ಕಾಣುವುದು, ಹಾಗಾಗಿ ಕೆಂಪು-ನೀಲಿ ತುಂಬಿದ ಲೈಟ್ ನಮಗೆ ಮಂಕಾಗಿ ಕಂಡರೂ ಗಿಡಕ್ಕೆ ಹೊಟ್ಟೆ ತುಂಬಿಸಬಹುದು. ಡಬ್ಬದ ಮೇಲಿನ ಕೆಲ್ವಿನ್ ಬರೀ ಬೆಳಕಿನ ಬಣ್ಣದ ಮಾತು. ಗಿಡಕ್ಕೆ ಬೇಕಾದದ್ದು ಪಾರ್: 400ರಿಂದ 700 ನ್ಯಾನೋಮೀಟರ್ ಒಳಗಿನ ಬೆಳಕಿನ ಕಣಗಳು ಒಂದು ಚದರ ಮೀಟರ್ ಮೇಲೆ ಸೆಕೆಂಡಿಗೆ ಎಷ್ಟು ಮೈಕ್ರೋಮೋಲ್ (ಕಣಗಳನ್ನು ಎಣಿಸುವ ಅಳತೆ) ಬೀಳುತ್ತವೆ ಅನ್ನುವುದು. ಅನುಬಿಯಾಸ್, ಜಾವಾ ಫರ್ನ್‌ನಂಥವು 20-30ರಲ್ಲೇ ಆರಾಮಾಗಿರುತ್ತವೆ. ಕೆಂಪು ಗಿಡಗಳಿಗೆ ಅದರ ಎರಡು ಪಟ್ಟಾದರೂ ಬೇಕು, ಜೊತೆಗೆ ಕಾರ್ಬನ್ ಡೈಆಕ್ಸೈಡ್ ಕೂಡ.

ಇನ್ನೊಂದು ವಿಷಯ. ಪಾರ್ ಎಷ್ಟು ಅಂತ ಹೇಳಿದರಷ್ಟೇ ಸಾಲದು, ಎಲ್ಲಿ ಅಳೆದದ್ದು ಅಂತಲೂ ಹೇಳಬೇಕು ಅಲ್ವಾ? ಲೈಟಿಗೆ ಅಂಟಿಸಿ ಅಳೆದರೆ ಯಾವ ಲೈಟೂ ಶೂರನೇ, ತಳದ ಮರಳಿಗೆ ಬರುವಷ್ಟರಲ್ಲಿ ಅದು ಎಷ್ಟೋ ಇಳಿದಿರುತ್ತದೆ, ಮೂಲೆಗಳಲ್ಲಂತೂ ಇನ್ನೂ ಕಡಿಮೆ. ಅಳೆಯುವ ಮೀಟರ್ ಲೈಟಿಗಿಂತ ದುಬಾರಿ. ನಾನು ಖಾಲಿ ತೊಟ್ಟಿಯ ತಳದಲ್ಲಿ ಫೋನ್ ಇಟ್ಟು ಲಕ್ಸ್ (ನಮ್ಮ ಕಣ್ಣಿನ ಲೆಕ್ಕದ ಬೆಳಕಿನ ಅಳತೆ) ತೋರಿಸುವ ಆ್ಯಪ್‌ನಲ್ಲಿ ನೋಡಿ, ಪಾರ್ ತಿಳಿಯಲು ಬಂದದ್ದನ್ನು 70ರಿಂದ ಭಾಗಿಸಿದೆ. ಬಿಳಿ ಎಲ್‌ಇಡಿಗೆ ಇದು ಒಂದು ಅಂದಾಜು, ಕೆಂಪು-ನೀಲಿ ಲೈಟಿಗೆ ಈ ಲೆಕ್ಕ ನಡೆಯುವುದಿಲ್ಲ. ನನಗೆ ಸಿಕ್ಕಿದ್ದು 25ರ ಹತ್ತಿರ.

ಲೈಟ್ ತಯಾರಿಸುವವರು ಒಂದಡಿ ಆಳದಲ್ಲಿ, ನಡುವೆ ಇಷ್ಟು, ಅಂಚಿನಲ್ಲಿ ಇಷ್ಟು ಪಾರ್ ಅಂತ ಡಬ್ಬದ ಮೇಲೆ ಒಂದು ಸಾಲು ಹಾಕಲಿ. ಸದ್ಯಕ್ಕೆ ನಾನು ರೊಟಾಲಾ ತೆಗೆದು ಕಲ್ಲಿಗೆ ಅನುಬಿಯಾಸ್ ಕಟ್ಟಿದ್ದೇನೆ, ಟೈಮರ್ ಹಾಕಿ 7 ಗಂಟೆ ಮಾತ್ರ ಉರಿಸುತ್ತೇನೆ. ಲೈಟ್ ಅದೇ.

- ಒಬ್ಬ ಓದುಗ, ಮೈಸೂರು