‘ಮೇಕಮಿನ್ ಸಾರ್’ ಅನ್ನುವ ಮಕ್ಕಳಿಗೆ ‘ಆಫ್’ ಯಾಕೆ ಕೇಳಿಸುವುದಿಲ್ಲ

ಪ್ರೀತಿಯ ಗೆಳೆಯಾ,

ಹತ್ತನೆಯ ತರಗತಿಯ ಮಕ್ಕಳು ಇಂಗ್ಲಿಷ್ ಪಾಠ ಓದಿ ಅರ್ಥ ಹೇಳುತ್ತಾರೆ, ಅದನ್ನೇ ಮೊಬೈಲಿನಲ್ಲಿ ಕೇಳಿಸಿದರೆ ಮುಖಮುಖ ನೋಡಿಕೊಳ್ಳುತ್ತಾರೆ ಎಂದು ಬರೆದಿದ್ದೀಯ. ವೇಗ ಜಾಸ್ತಿ ಆಯಿತೇನೋ, ಇಲ್ಲವೇ ಫಾರಿನ್ ಉಚ್ಚಾರದ ತೊಂದರೆಯೇನೋ ಅನ್ನುವುದು ನಿನ್ನ ಅನುಮಾನ. ಅವೂ ಸ್ವಲ್ಪ ಇರಬಹುದು. ಆದರೆ ಅದೇ ರೆಕಾರ್ಡಿಂಗ್ ಇನ್ನೊಮ್ಮೆ ಹಾಕಿ, ಕೇಳಿಸಿದ ಪದಗಳನ್ನು ಬರೆಯಿರಿ ಅನ್ನು. ‘ಎನ್ವಿರಾನ್‌ಮೆಂಟ್’ ಬರೆದಿರುತ್ತಾರೆ, ‘ಗವರ್ನಮೆಂಟ್’ ಬರೆದಿರುತ್ತಾರೆ. ಬಿಟ್ಟುಹೋಗಿರುವುದು ‘ಆಫ್’, ‘ಟು’, ‘ಅಂಡ್’, ‘ಕ್ಯಾನ್’, ‘ಹ್ಯಾವ್’. ಒಂದನೆಯ ತರಗತಿಯಿಂದ ಗೊತ್ತಿರುವ ಪುಟಾಣಿ ಪದಗಳೇ ಕಿವಿಗೆ ಸಿಗದೆ ಜಾರಿಹೋಗುತ್ತಿವೆ.

ತಡವಾಗಿ ಬಂದ ಹುಡುಗ ಬಾಗಿಲಲ್ಲಿ ನಿಂತು ಏನನ್ನುತ್ತಾನೆ, ಕಿವಿಗೊಟ್ಟು ಕೇಳು. ‘ಮೇಕಮಿನ್ ಸಾರ್’. ಅದರೊಳಗೆ ಮೇ, ಐ, ಕಮ್, ಇನ್ ಎಂದು ನಾಲ್ಕು ಪದ ಇರುವುದು ಎಷ್ಟೋ ಮಕ್ಕಳಿಗೆ ಗೊತ್ತೇ ಇರುವುದಿಲ್ಲ. ದುರ್ಗದಿಂದ ದಾವಣಗೆರೆಗೆ ಬರುವ ಬಸ್ಸಿನ ಕಂಡಕ್ಟರ್ ‘ಹೋಲ್ಡಾನ್’ ಎಂದು ಕೂಗುತ್ತಾರೆ, ಬಸ್ಸು ಹೊರಡಿಸುವಾಗ ಮೊದಲನೆಯ ಟಕಾರ ನುಂಗಿ ‘ರೈ ರೈಟ್’ ಅನ್ನುತ್ತಾರೆ. ಮೈದಾನದಲ್ಲಿ ಚೆಂಡು ಪ್ಯಾಡಿಗೆ ಬಡಿಯಿತೋ, ‘ಹೌಜಾಟ್’ ಎಂದು ಎಲ್ಲರೂ ಒಟ್ಟಿಗೆ ಕೂಗುತ್ತಾರೆ. ಹೌ, ಈಸ್, ದಟ್ ಮೂರೂ ಸೇರಿ ಒಂದಾದ ಮಾತು ಅದು. ಕಿವಿಯಿಂದ ಬಂದ ಇಂಗ್ಲಿಷನ್ನು ನಮ್ಮ ಜನ ಹೀಗೆ ಕೂಡಿಸಿಯೇ ಆಡುತ್ತಾರೆ. ಪುಸ್ತಕದಿಂದ ಬಂದದ್ದನ್ನು ಮಾತ್ರ ಬಿಡಿಬಿಡಿಸಿ, ಪದಪದಕ್ಕೂ ಸಮ ತೂಕ ಕೊಟ್ಟು ಓದುತ್ತಾರೆ. ರೈಲ್ವೆ ಸ್ಟೇಷನ್ನಿನಲ್ಲಿ ತುಂಡುತುಂಡಾಗಿ ರೆಕಾರ್ಡ್ ಮಾಡಿ ಜೋಡಿಸಿದ ಅನೌನ್ಸ್‌ಮೆಂಟ್ ಇದೆಯಲ್ಲ, ಹಾಗೆ. ಆ ಇಂಗ್ಲಿಷ್ ಮಕ್ಕಳಿಗೆ ಪೂರ್ತಿ ತಿಳಿಯುತ್ತದೆ, ಗಮನಿಸು.

ವಿಷಯ ಇಷ್ಟೇ: ಇಂಗ್ಲಿಷಿನಲ್ಲಿ ಸುಮಾರು 40 ಸಣ್ಣ ಪದಗಳಿಗೆ ಎರಡೆರಡು ಉಚ್ಚಾರ. ಒಂಟಿಯಾಗಿ ಹೇಳಿದಾಗ ಒಂದು, ವಾಕ್ಯದೊಳಗೆ ಬಂದಾಗ ಇನ್ನೊಂದು. ಮೊದಲನೆಯದನ್ನು ಭಾರದ ರೂಪ, ಎರಡನೆಯದನ್ನು ಹಗುರ ರೂಪ ಎಂದು ಕರೆಯೋಣ. ನಾವು ಕಲಿಸುವುದು ಭಾರದ ರೂಪ ಒಂದನ್ನೇ. ಮಾತಿನಲ್ಲಿ ಹೆಚ್ಚಾಗಿ ಕೇಳಿಬರುವುದು ಹಗುರ ರೂಪ. ಹಗುರವಾದಾಗ ಪದದ ಸ್ವರ ತನ್ನ ಬಣ್ಣ ಕಳೆದುಕೊಂಡು ಒಂದು ಮಾಸಲು ‘ಅ’ ಆಗುತ್ತದೆ. ಅದಕ್ಕೆ ನಮ್ಮಲ್ಲಿ ಬೇರೆ ಅಕ್ಷರವಿಲ್ಲ, ಆದರೆ ಬಾಯಿಗೆ ಹೊಸದೂ ಅಲ್ಲ. ‘ರಾಮನ ಮನೆ’ ಎಂದು ಬೇಗ ಹೇಳು. ‘ರಾಮನ’ದ ಕೊನೆಯ ‘ನ’ದಲ್ಲಿರುವ ಅಕಾರ ಅದಕ್ಕೆ ಬಹಳ ಹತ್ತಿರ. ದವಡೆ ಅರ್ಧ ತೆರೆದಿರಬೇಕು, ತುಟಿ ಅಲುಗಬಾರದು, ನಾಲಿಗೆ ಸುಮ್ಮನೆ ಮಲಗಿರಬೇಕು.

ಇದು ಇಂಗ್ಲಿಷರ ಸೋಮಾರಿತನ ಎಂದು ಮಕ್ಕಳಿಗೆ ಹೇಳಬೇಡ ಕಣೋ. ‘ಹೋಗಿ ಬರುತ್ತೇನೆ’ ಎಂದು ಬರೆದು ‘ಹೋಗ್ಬರ್ತೀನಿ’ ಅನ್ನುವವರು ನಾವೇ ತಾನೆ? ‘ಬಂದುಬಿಟ್ಟ’ ನಮ್ಮ ಬಾಯಲ್ಲಿ ‘ಬಂದ್ಬಿಟ್ಟ’. ನಾವು ಪದದ ನಡುವಿನ ಸ್ವರವನ್ನು ಹಿಂಡುತ್ತೇವೆ, ಅವರು ವಾಕ್ಯದ ನಡುವಿನ ಸಣ್ಣ ಪದವನ್ನು ಹಿಂಡುತ್ತಾರೆ. ಈ ಹೋಲಿಕೆ ಕರಿಹಲಗೆಯ ಮೇಲೆ ಬಂದರೆ ಮಕ್ಕಳ ಅರ್ಧ ಭಯ ಹೋಗುತ್ತದೆ.

ಕನ್ನಡ ವ್ಯಾಕರಣದಿಂದ ಇನ್ನೂ ಎರಡು ಸಾಮಾನು ಎರವಲು ತಗೋ. ಅವು ಇಲ್ಲಿ ಎಷ್ಟು ಚೆನ್ನಾಗಿ ಕೂರುತ್ತವೆ ನೋಡು.

ಮೊದಲನೆಯದು ಲೋಪಸಂಧಿ. ಇಂಗ್ಲಿಷ್ ನಾಮಪದ ನಮ್ಮ ಬಾಯಿಗೆ ಬಂದರೆ ಕೊನೆಗೊಂದು ಉಕಾರ ಅಂಟಿಕೊಳ್ಳುತ್ತದೆ. ಹ್ರಸ್ವ ಸ್ವರದ ಮುಂದಿನ ಒಂಟಿ ವ್ಯಂಜನ ಒತ್ತಾಗುತ್ತದೆ: ಬಸ್ಸು, ಪೆನ್ನು, ಕಪ್ಪು. ದೀರ್ಘವಾದರೆ ಒಂಟಿಯಾಗಿಯೇ ಉಳಿಯುತ್ತದೆ: ಕಾರು, ಗೇಟು, ರೋಡು. ಹೀಗಾಗಿ ಮಗು ‘ಕಪ್ಪು ಆಫ್ ಟೀ’ ಅನ್ನುತ್ತದೆ, ಪದಗಳ ನಡುವೆ ಗೋಡೆ ಬೀಳುತ್ತದೆ. ಮೊದಲು ‘ಆಫ್’ ತಿದ್ದು. ಸ್ವಿಚ್ಚಿನ ಆಫ್ ಬೇರೆ, ಇದು ಬೇರೆ. ಕಾಗುಣಿತದಲ್ಲಿ ಫಕಾರ ಇದ್ದರೂ ಉಚ್ಚಾರದಲ್ಲಿ ವಕಾರ, ಹಗುರವಾದರೆ ‘ಅವ್’. ಕನ್ನಡದಲ್ಲಿ ಎರಡನ್ನೂ ‘ಆಫ್’ ಎಂದೇ ಬರೆಯುವುದರಿಂದ ಈ ತಪ್ಪು ಗಟ್ಟಿಯಾಗಿ ಕೂತುಬಿಟ್ಟಿದೆ. ಆಮೇಲೆ ‘ಊರು + ಅಲ್ಲಿ = ಊರಲ್ಲಿ’ ಬರೆದು, ಕೆಳಗೆ ‘ಕಪ್ಪು + ಅವ್ = ಕಪ್ಪವ್’ ಎಂದು ಬರೆ. ಉಕಾರ ಲೋಪವಾಯಿತು, ‘ಕಪ್ಪವ್ ಟೀ’ ಸಿಕ್ಕಿತು. ಇನ್ನೂ ಬೇಗ ಆಡಿದರೆ ಆ ವಕಾರವೂ ಉದುರಿ ‘ಕಪ್ಪ ಟೀ’. ಗಡಿಯಾರದ ‘ಓ ಕ್ಲಾಕ್’ನಲ್ಲಿರುವ ‘ಓ’ ಕೂಡ ಇದೇ ‘ಆಫ್’ ಸವೆದು ಉಳಿದದ್ದು, ‘ಆಫ್ ದಿ ಕ್ಲಾಕ್’ ಎಂಬುದರ ಅವಶೇಷ.

ಎರಡನೆಯದು ಆಗಮಸಂಧಿ. ನಾವು ಎಲ್ಲ ಕಡೆಯೂ ‘ದಿ’ ಅಂತ ಬರೆದು ‘ದಿ’ ಅಂತಲೇ ಹೇಳುತ್ತೇವೆ. ಮಾತಿನಲ್ಲಿ ಅದು ವ್ಯಂಜನದ ಮುಂದೆ ‘ದ’, ಸ್ವರದ ಮುಂದೆ ಮಾತ್ರ ‘ದಿ’. ‘ದ ಬಸ್’, ಆದರೆ ‘ದಿ ಆಪಲ್’. ‘ಟು’ ಕೂಡ ಹಾಗೇ: ‘ಟ ದುರ್ಗ’, ಆದರೆ ‘ಟು ಆನಗೋಡು’. ಸ್ವರಕ್ಕೆ ಸ್ವರ ಎದುರಾದಲ್ಲಿ ನಮ್ಮ ‘ಮನೆಯನ್ನು’, ‘ಗುರುವನ್ನು’ಗಳಂತೆಯೇ ‘ದಿ’ ಆದಮೇಲೆ ಸಣ್ಣ ಯಕಾರ, ‘ಟು’ ಆದಮೇಲೆ ಸಣ್ಣ ವಕಾರ ಸುಳಿಯುತ್ತದೆ: ‘ದಿಯಾಪಲ್’, ‘ಟುವೀಟ್’ (ಟು ಈಟ್). ಇಲ್ಲಿ ಲೆಕ್ಕಕ್ಕೆ ಬರುವುದು ಕಿವಿಗೆ ಕೇಳುವ ಧ್ವನಿ, ಕಾಗುಣಿತ ಅಲ್ಲ. ಗಂಟೆ ಅನ್ನುವ ‘ಅವರ್’ ಹಕಾರದಿಂದ ಬರೆದರೂ ಸ್ವರದಿಂದ ಶುರುವಾಗುತ್ತದೆ, ಆದ್ದರಿಂದ ‘ದಿ ಅವರ್’. ‘ಯೂನಿವರ್ಸಿಟಿ’ಯ ಮೊದಲ ಅಕ್ಷರ ಸ್ವರ, ಮೊದಲ ಧ್ವನಿ ಯಕಾರ, ಆದ್ದರಿಂದ ‘ದ ಯೂನಿವರ್ಸಿಟಿ’. ‘ಎ’, ‘ಆ್ಯನ್’ ನಿಯಮವೂ ಇದೇ ಆದ್ದರಿಂದ ಎರಡನ್ನೂ ಒಂದೇ ದಿನ ಮುಗಿಸಬಹುದು. ‘ಏ ಬುಕ್’ ಎಂದು ಎಳೆಯುವುದನ್ನು ಬಿಡಿಸಿ ‘ಅ ಬುಕ್’ ಮಾಡಿಸು.

ಇನ್ನು ‘ಕ್ಯಾನ್’. ಇದರ ಮೇಲೆ ಒಂದು ವಾರ ಕಳೆದರೂ ನಷ್ಟವಿಲ್ಲ, ಯಾಕೆಂದರೆ ಇಲ್ಲಿ ತಪ್ಪಿದರೆ ಅರ್ಥವೇ ತಿರುವುಮುರುವಾಗುತ್ತದೆ. ‘ನಾನು ಬರಬಲ್ಲೆ’ ಎಂಬುದು ‘ಐ ಕನ್ ಕಮ್’; ಒತ್ತು ‘ಕಮ್’ ಮೇಲೆ, ‘ಕನ್’ ಬಂದದ್ದೂ ಹೋದದ್ದೂ ತಿಳಿಯಬಾರದು. ‘ಬರಲಾರೆ’ ಎಂಬುದು ‘ಐ ಕಾಂಟ್ ಕಮ್’. ಎರಡರ ಮೇಲೂ ಒತ್ತು. ಅಮೆರಿಕದವರು ‘ಕಾಂಟ್’ ಅನ್ನುವುದಿಲ್ಲ, ‘ಕ್ಯಾನ್ಟ್’ ಅನ್ನುತ್ತಾರೆ, ಕೊನೆಯ ಟಕಾರ ಎಷ್ಟೋ ಸಲ ಬಾಯೊಳಗೇ ಉಳಿದುಬಿಡುತ್ತದೆ. ಆಗ ಹೌದು-ಅಲ್ಲ ತಿಳಿಯುವುದು ಟಕಾರದಿಂದಲ್ಲ, ಒತ್ತಿನಿಂದ. ಅಂಥವರ ಹತ್ತಿರ ನಮ್ಮ ಹುಡುಗ ತುಂಬು ಗಂಟಲಿನಲ್ಲಿ ‘ಐ ಕ್ಯಾನ್ ಕಮ್’ ಅಂದರೆ ಅವರಿಗೆ ‘ಬರಲಾರೆ’ ಎಂದು ಕೇಳಿಸಬಹುದು. ಫೋನಿನಲ್ಲಂತೂ ಅಪಾಯ ಇನ್ನೂ ಹೆಚ್ಚು, ಮುಖ ಕಾಣುವುದಿಲ್ಲ. ಹಾಗಾಗಿ ಮಕ್ಕಳ ಬಾಯಿಗೆ ದೀರ್ಘದ ‘ಕಾಂಟ್’ ಕೊಡು, ‘ಕ್ಯಾಂಟ್’ ಬೇಡ. ಫೋನಿನಲ್ಲಿ ಇಲ್ಲ ಅನ್ನಬೇಕಾದಾಗ ಬಿಡಿಸಿ ‘ಕ್ಯಾನಾಟ್’ ಅನ್ನಲಿ. ಕಿವಿಗೆ ಮಾತ್ರ ಅಮೆರಿಕದ್ದನ್ನೂ ಕೇಳಿಸು.

ಮಿಕ್ಕವು ಬೇಗ ಮುಗಿಯುತ್ತವೆ. ‘ಅಂಡ್’ ಬರೀ ‘ಅನ್’, ಕೆಲವೊಮ್ಮೆ ಬರೀ ನಕಾರ: ‘ಬ್ರೆಡ್‌ನ್ ಬಟರ್’. ಅದನ್ನು ಮಕ್ಕಳು ‘ಇನ್’ ಎಂದು ಬರೆದರೆ ಆಶ್ಚರ್ಯವಿಲ್ಲ, ಕಿವಿ ಸರಿಯಾಗಿಯೇ ಕೇಳಿದೆ, ತಿದ್ದಬೇಕಾದವರು ವ್ಯಾಕರಣದ ಮೇಷ್ಟ್ರು. ‘ಹ್ಯಾವ್’ ಸವೆದು ‘ಅವ್’ ಆದಾಗ ‘ಆಫ್’ನ ಹಗುರ ರೂಪಕ್ಕೂ ಅದಕ್ಕೂ ವ್ಯತ್ಯಾಸವೇ ಇರುವುದಿಲ್ಲ; ‘ಶುಡ್ ಹ್ಯಾವ್’ ಬರೆಯುವ ಕಡೆ ಇಂಗ್ಲಿಷ್ ಮನೆಮಾತಿನವರೇ ‘ಶುಡ್ ಆಫ್’ ಎಂದು ಬರೆಯುತ್ತಾರೆ. ‘ಫಾರ್’ ಹಗುರವಾದರೆ ‘ಫರ್’, ನಾಲ್ಕು ಅನ್ನುವ ‘ಫೋರ್’ ಎಂದೂ ಹಗುರವಾಗದು. ‘ಫ್ರಮ್ ಟೆನ್ ಟ ಟೂ’ ಎಂದು ಹೇಳಿಸಿ ನೋಡು, ‘ಟು’ಗಳೆರಡರ ಭೇದ ತಾನಾಗಿ ಬರುತ್ತದೆ. ‘ಟೆಲ್ ಹಿಮ್’ ಎಂಬುದು ‘ಟೆಲಿಮ್’. ಹಾಲಿಗೆ ‘ಆಲು’ ಅನ್ನುವ ಮಕ್ಕಳಿಗೆ ಇದು ಸಲೀಸು, ಆದರೆ ‘ಹೌಸ್’, ‘ಹ್ಯಾಂಡ್’ಗಳಂಥ ಒತ್ತಿನ ಪದದಲ್ಲಿ ಹಕಾರ ಬಿಡುವಂತಿಲ್ಲ ಎಂದು ಎಚ್ಚರಿಸು.

ಭಾರದ ರೂಪ ಯಾವಾಗ ಬೇಕು ಎಂಬುದನ್ನೂ ಜೊತೆಗೇ ಹೇಳಬೇಕು, ಇಲ್ಲದಿದ್ದರೆ ಎಲ್ಲ ಕಡೆಯೂ ನುಂಗಲು ಶುರು ಮಾಡುತ್ತಾರೆ. ವಾಕ್ಯದ ಕೊನೆಯಲ್ಲಿ ಬಂದರೆ ಭಾರ (‘ಹಿಮ್’ನಂಥ ಸರ್ವನಾಮ ಬಿಟ್ಟು; ಅದು ಕೊನೆಯಲ್ಲೂ ಹಗುರವೇ). ‘ವೇರ್ ಅರ್ ಯು ಫ್ರಾಮ್?’ ಎಂಬ ಪ್ರಶ್ನೆಯಲ್ಲಿ ತುಂಬು ‘ಫ್ರಾಮ್’. ‘ಐಮ್ ಫ್ರಮ್ ಚಿತ್ರದುರ್ಗ’ ಎಂಬ ಉತ್ತರದಲ್ಲಿ ಹಗುರ ‘ಫ್ರಮ್’. ‘ಯೆಸ್, ಐ ಕ್ಯಾನ್’ ಅನ್ನುವಾಗಲೂ ಭಾರ. ಎದುರುಬದುರು ಇಟ್ಟಾಗಲೂ ಭಾರ: ದಾವಣಗೆರೆಯಿಂದ ಅಲ್ಲ, ದಾವಣಗೆರೆಗೆ ಎಂದು ಒತ್ತಿ ಹೇಳುವಾಗ ‘ಟು’, ‘ಫ್ರಾಮ್’ ಎರಡೂ ಪೂರ್ತಿ ಕೇಳಬೇಕು. ‘ಆನ್’, ‘ಆಫ್’ (ಸ್ವಿಚ್ಚಿನದು), ‘ಅಪ್’, ‘ನಾಟ್’, ‘ದಿಸ್’ ಇವು ಹೀಗೆ ರೂಪ ಬದಲಿಸುವ ಜಾತಿಯವಲ್ಲ.

ತರಗತಿಯಲ್ಲಿ ದಿನಕ್ಕೆ ಹತ್ತು ನಿಮಿಷ ಸಾಕು. ಒಂದೇ ವಾಕ್ಯ, ಸಹಜ ವೇಗದಲ್ಲಿ, ಮೂರು ಸಲ ಕೇಳಿಸು. ಮೊದಲ ಸಲ ಅರ್ಥ ಕೇಳಬೇಡ, ಪದ ಎಷ್ಟು ಎಂದು ಮಾತ್ರ ಕೇಳು. ‘ಐ ವಾಂಟ ಗೋ ಟ ದ ಶಾಪ್’ ಕೇಳಿಸಿದರೆ ನಾಲ್ಕು ಅನ್ನುವವರಿರುತ್ತಾರೆ, ಐದು ಅನ್ನುವವರಿರುತ್ತಾರೆ. ಇರುವುದು ಏಳು. ಎರಡನೆಯ ಸಲ ಗಟ್ಟಿಯಾಗಿ ಕೇಳಿಸಿದವನ್ನು ಮಾತ್ರ ಬರೆಸು: ವಾಂಟ್, ಗೋ, ಶಾಪ್. ನಡುವಿನ ಜಾಗ ತುಂಬುವುದು ವ್ಯಾಕರಣದ ಕೆಲಸ. ‘ವಾಂಟ್’ಗೂ ‘ಗೋ’ಗೂ ನಡುವೆ ಏನು ಬರಬಲ್ಲದು ಎಂದು ಅವರೇ ಊಹಿಸಲಿ. ಮೂರನೆಯ ಸಲ ಊಹಿಸಿದ್ದನ್ನು ಕಿವಿಯಿಂದ ತಾಳೆ ನೋಡಲಿ. ಈ ಅನುಕ್ರಮ ತಪ್ಪಿಸಬೇಡ. ವಾಕ್ಯವನ್ನು ಮೊದಲೇ ಹಲಗೆಯ ಮೇಲೆ ಬರೆದುಬಿಟ್ಟರೆ ಕಣ್ಣು ಓದುತ್ತದೆ, ಕಿವಿ ಕೇಳುವುದನ್ನು ನಿಲ್ಲಿಸುತ್ತದೆ.

ಆಡುವ ಅಭ್ಯಾಸಕ್ಕೆ ಚಪ್ಪಾಳೆ. ‘ಬಾಯ್ಸ್ ಫ್ಲೈ ಕೈಟ್ಸ್’ ಮೂರು ಚಪ್ಪಾಳೆ. ‘ದ ಬಾಯ್ಸ್ ಅರ್ ಫ್ಲೈಯಿಂಗ್ ದ ಕೈಟ್ಸ್’ ಇದಕ್ಕೂ ಮೂರೇ, ಅಷ್ಟೇ ಅಂತರದಲ್ಲಿ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎಂದು ಪ್ರಸ್ತಾರ ಹಾಕಿ ರೂಢಿಯಿರುವ ಮಕ್ಕಳಿಗೆ, ಈ ಸಣ್ಣ ಪದಗಳು ಲಘುವಿಗಿಂತಲೂ ಲಘು, ಅರ್ಧ ಮಾತ್ರೆ ಅನ್ನು. ಇಲ್ಲಿ ಆಗುವ ದೊಡ್ಡ ತಪ್ಪು ಒಂದಿದೆ: ಹಗುರ ಮಾಡಿ ಅಂದರೆ ಮಕ್ಕಳು ಇಡೀ ವಾಕ್ಯವನ್ನೇ ಓಡಿಸುತ್ತಾರೆ. ಆಗ ‘ಬಾಯ್ಸ್’ ಕೂಡ ಕುಗ್ಗಿಹೋಗಿ ಏನೂ ತಿಳಿಯುವುದಿಲ್ಲ. ದೊಡ್ಡ ಪದವನ್ನು ಎಳೆಸು, ಸಣ್ಣದು ತಾನಾಗಿ ಸಣ್ಣದಾಗುತ್ತದೆ. ಇನ್ನು ಕೆಲವರು ಹಗುರ ಮಾಡುವ ಬದಲು ಪದವನ್ನೇ ಬಿಟ್ಟುಬಿಡುತ್ತಾರೆ, ಆಮೇಲೆ ಬರವಣಿಗೆಯಲ್ಲೂ ‘ದಿ’ ಮಾಯವಾಗುತ್ತದೆ. ಅದಕ್ಕೇ ಕೇಳಿದ ವಾಕ್ಯವನ್ನು ಕೊನೆಗೆ ಪೂರ್ತಿ ಕಾಗುಣಿತದಲ್ಲಿ ಬರೆಸಲೇಬೇಕು.

ಇಷ್ಟೆಲ್ಲ ಹೇಳಿದರೂ, ಮಾತಿನಲ್ಲಿ ಹಗುರ ಮಾಡದ ಮಗುವಿನ ಅಂಕ ಕತ್ತರಿಸಬೇಡ. ಇಂಗ್ಲಿಷ್ ತಾಯ್ನುಡಿಯಲ್ಲದವರು ಪರಸ್ಪರ ಮಾತಾಡಲು ಯಾವ ಉಚ್ಚಾರ ಬೇಕೇ ಬೇಕು ಎಂದು ಭಾಷಾವಿಜ್ಞಾನಿ ಜೆನ್ನಿಫರ್ ಜೆಂಕಿನ್ಸ್ 2000ದಲ್ಲಿ ಪಟ್ಟಿ ಮಾಡಿದಾಗ ಈ ಹಗುರ ರೂಪಗಳನ್ನು ಅದರಲ್ಲಿ ಸೇರಿಸಲಿಲ್ಲ. ಸ್ವರದ ಹ್ರಸ್ವ-ದೀರ್ಘ ಭೇದ ಸೇರಿಸಿದರು, ಅದಂತೂ ಕನ್ನಡದ ಮಕ್ಕಳ ಮನೆಯ ಆಸ್ತಿ. ‘ಫಿಲ್’, ‘ಫೀಲ್’ ಅವರು ತಪ್ಪುವುದಿಲ್ಲ. ಕಿವಿಗೆ 40ರ ಪರಿಚಯವೂ ಇರಲಿ, ಬಾಯಿಗೆ ‘ದಿ’, ‘ಆಫ್’, ‘ಕ್ಯಾನ್’ ಮೂರು ಬಂದರೆ ಈ ವರ್ಷಕ್ಕೆ ಸಾಕು. ‘ಎಗ್’ಗೆ ‘ಯೆಗ್’, ‘ಓನ್ಲಿ’ಗೆ ‘ವೋನ್ಲಿ’ ಅನ್ನುವುದನ್ನು ಈಗ ಮುಟ್ಟಬೇಡ. ‘ಎಲ್ಲಿ’ಯನ್ನು ‘ಯೆಲ್ಲಿ’ ಅನ್ನುವ ನಾಲಿಗೆಯ ಹಳೆಯ ರೂಢಿ ಅದು, ಕೇಳುವವರಿಗೆ ಅದರಿಂದ ಅರ್ಥ ಕೆಡುವುದು ಕಡಿಮೆ.

ಮೊದಲ ವಾರಕ್ಕೆ ಈ ನಾಲ್ಕು ವಾಕ್ಯ ರೆಕಾರ್ಡ್ ಮಾಡಿಕೋ. ‘ಅ ಕಪ್ಪವ್ ಟೀ ಅನ್ ಅ ಪ್ಲೇಟವ್ ಮಂಡಕ್ಕಿ’, ಒಂಬತ್ತು ಪದ. ‘ದ ಬಸ್ ಟ ಹೊಳಲ್ಕೆರೆ ವಜ಼್ ಲೇಟ್’, ಆರು. ‘ಐ ಕನ್ ಸೀ ದ ಫೋರ್ಟ್ ಫ್ರಮ್ ದ ರೋಡ್’, ಎಂಟು. ‘ಹಿ ಶುಡವ್ ಟೋಲ್ಡಿಮ್’, ಐದು. ಇದನ್ನು ಶನಿವಾರಕ್ಕೆ ಇಟ್ಟುಕೋ, ಕಷ್ಟದ್ದು. ಫೋನನ್ನು ಬಾಯಿಂದ ಒಂದು ಗೇಣು ದೂರ ಹಿಡಿ, ಫ್ಯಾನ್ ನಿಲ್ಲಿಸು. ಫ್ಯಾನಿನ ಸದ್ದಿನಲ್ಲಿ ಮೊದಲು ಮುಳುಗುವುದು ಈ ಹಗುರ ಪದಗಳೇ. ಪದ ಎಣಿಸುವಾಗ ಯಾವ ವಾಕ್ಯದಲ್ಲಿ ಹೆಚ್ಚು ಮಕ್ಕಳು ತಪ್ಪಿದರು ಎಂದು ಬರೆ, ಎರಡನೆಯ ವಾರದ ವಾಕ್ಯಗಳನ್ನು ಅದನ್ನು ನೋಡಿ ಮಾಡಿ ಕಳಿಸುತ್ತೇನೆ.

ನಿನ್ನ ಗೆಳೆಯ,
ದಾವಣಗೆರೆಯಿಂದ